ಒದ್ದೆ ಚಪ್ಪಲಿ, ಒಂದು ಬಲ್ಬು: ಥ್ರಿಲ್ಲರ್ ಓಪನಿಂಗ್ ಶೂಟ್ ಮಾಡೋದು ಹೇಗೆ

ಶಿರಸಿ, ಕುಮಟಾ, ಕಾರವಾರ ಕಡೆ ಹುಡುಗ್ರು ಮಾಡಿದ ಶಾರ್ಟ್ ಫಿಲ್ಮು ಆಗಾಗ ನನ್ನ ಫೋನಿಗೆ ಬರ್ತದೆ, ಸ್ವಲ್ಪ ನೋಡಿ ಹೇಳಿ ಅಂತ. ಅದರಲ್ಲೂ ಥ್ರಿಲ್ಲರ್ ಅಂದ್ರೆ ಮುಗೀತು, ಹತ್ತರಲ್ಲಿ ಎಂಟು ಒಂದೇ ತರ ಶುರು ಆಗ್ತದೆ. ಮೊದಲ ನಲವತ್ತು ಸೆಕೆಂಡು ಡ್ರೋನು, ಯಾಣದ ಬಂಡೆಯೋ ದೇವಿಮನೆ ಘಟ್ಟದ ತಿರುವೋ ಏನೋ ಒಂದು, ಆಮೇಲೆ ಸ್ಕ್ರೀನ್ ಪೂರ್ತಿ ಕಪ್ಪು, ಯಾರೋ ಏದುಸಿರು ಬಿಡೋ ಸೌಂಡು, ಕೊನೆಗೆ ಗದ್ದದ ಕೆಳಗೆ ಟಾರ್ಚ್ ಹಿಡ್ಕೊಂಡ ಒಂದು ಮುಖ. ಹೆದರಿಕೆ ಆಗೋದು ಹಾಗಿರ್ಲಿ, ಪಕ್ಕದಲ್ಲಿ ಕೂತು ನೋಡ್ತಿದ್ದ ನಮ್ಮ ಆಯಿ "ಅದು ಯಾರ ಮನೆ ಮಾಣಿ?" ಅಂತ ಕೇಳಿದ್ಲು.

ಹಾಗಾಗಿ ಇದನ್ನ ಬರೀತಾ ಇದ್ದೇನೆ. ಒಂದು ಫೋನು, ಎರಡು ಬಲ್ಬು, ಒಂದು ಹಳೇ ಮನೆ ಇದ್ರೆ ಸಾಕು.

ಹಂತ 1: ಯಾರಿಗೆ ಎಷ್ಟು ಗೊತ್ತು ಅಂತ ಮೊದಲು ತೀರ್ಮಾನ ಮಾಡಿ

ಕ್ಯಾಮೆರಾ ಮುಟ್ಟೋಕೆ ಮುಂಚೆ ಈ ಕೆಲಸ. ನೋಡೋನಿಗೆ ಏನೋ ಒಂದು ಗೊತ್ತಾಗಿರಬೇಕು, ಪರದೆ ಮೇಲಿರೋರಿಗೆ ಅದು ಗೊತ್ತಿರಬಾರದು, ಸಸ್ಪೆನ್ಸ್ ಹುಟ್ಟೋದು ಅಲ್ಲಿಂದ. 1958ರಲ್ಲಿ ಆರ್ಸನ್ ವೆಲ್ಸ್ 'ಟಚ್ ಆಫ್ ಈವಿಲ್' ಸಿನಿಮಾನ ಹೀಗೇ ಶುರು ಮಾಡಿದ. ಯಾರೋ ಒಬ್ಬ ಬಾಂಬಿಗೆ ಟೈಮರ್ ತಿರುಗಿಸಿ ಕಾರಿನ ಡಿಕ್ಕಿಗೆ ಹಾಕ್ತಾನೆ, ಕಾರು ಪೇಟೆ ಬೀದೀಲಿ ನಿಧಾನ ಹೋಗ್ತದೆ, ಮೂರು ನಿಮಿಷಕ್ಕೂ ಜಾಸ್ತಿ ಒಂದೂ ಕಟ್ ಇಲ್ಲ. ಅಷ್ಟು ಹೊತ್ತೂ ಬೀದೀಲಿ ನಡೀತಾ ಇರೋದು ಮಾಮೂಲಿ ಓಡಾಟ, ನಮಗೆ ಮಾತ್ರ ಡಿಕ್ಕಿ ಮೇಲೇ ಕಣ್ಣು.

ಅಷ್ಟು ದೂರ ಯಾಕೆ, ನಮ್ಮ ಯಕ್ಷಗಾನದ ಆಟದಲ್ಲೇ ನೋಡಿ. ರಕ್ಕಸ ವೇಷ ಸೀದಾ ಬಂದು ರಂಗದ ಮಧ್ಯ ನಿಲ್ತದಾ? ಇಬ್ಬರು ತೆರೆ ಹಿಡೀತಾರೆ, ಚಂಡೆ ಏರ್ತದೆ, ಒಳಗಿಂದ ಅಬ್ಬರ, ತೆರೆ ಮೇಲೆ ಕಿರೀಟದ ತುದಿ ಕಂಡು ಮತ್ತೆ ಮಾಯ. ಮುಂದೆ ಚಾಪೆ ಮೇಲೆ ಕೂತ ಮಕ್ಕಳು ಅಷ್ಟರಲ್ಲೇ ಅಮ್ಮನ ಸೆರಗು ಹಿಡ್ಕೊಂಡಾಗಿರ್ತದೆ. ನೀವು ಮಾಡಬೇಕಾಗಿರೋದೂ ಇದೇ, ತೆರೆ ಎಲ್ಲಿ ಹಿಡೀಬೇಕು ಅನ್ನೋದು ಲೆಕ್ಕ.

ಹಂತ 2: ಐದು ಶಾಟ್ ಬರ್ಕೊಳ್ಳಿ, ಆರನೇದು ಬೇಡ

ಉದಾಹರಣೆಗೆ ನಾನೇ ಒಂದು ಕಟ್ಟಿ ಕೊಡ್ತೇನೆ. ಮಳೆಗಾಲದ ರಾತ್ರಿ, ತೋಟದ ಪಕ್ಕ ಒಂಟಿ ಮನೆ, ಅಜ್ಜಿ ಒಬ್ಬರೇ.

ಮೊದಲನೇದು ವೈಡ್ ಶಾಟ್. ಮನೆ ಫ್ರೇಮಿನ ಮೂಲೇಲಿ ಸಣ್ಣಕೆ, ಒಂದೇ ಕಿಟಕೀಲಿ ಹಳದಿ ಬೆಳಕು, ಉಳಿದದ್ದೆಲ್ಲ ಅಡಿಕೆ ಮರ. ಕ್ಯಾಮೆರಾ ಅಲುಗಬಾರದು. ಎರಡನೇದು ಅಡುಗೆಮನೆ ಒಳಗೆ, ಅಜ್ಜಿ ಕಷಾಯಕ್ಕೆ ನೀರಿಡ್ತಾ ಇದ್ದಾರೆ, ಸೊಂಟದಿಂದ ಮೇಲೆ ಕಾಣೋ ಮಿಡ್ ಶಾಟ್, ಏನೂ ವಿಶೇಷ ಇಲ್ಲ, ವಿಶೇಷ ಇರಲೂ ಬಾರದು. ಮೂರನೇದು ಜಗಲಿ ಮೆಟ್ಟಿಲು, ಕ್ಯಾಮೆರಾ ನೆಲಕ್ಕೆ ತಾಗಿಸಿಟ್ಟು ಕ್ಲೋಸ್‌ಅಪ್. ಅಜ್ಜಿಯ ಹವಾಯಿ ಚಪ್ಪಲಿ ಒಣಗಿದೆ. ಅದರ ಪಕ್ಕ ಗಂಡಸರ ಒಂದು ಜೊತೆ ಚಪ್ಪಲಿ, ಪೂರ್ತಿ ಒದ್ದೆ, ಸುತ್ತ ನೀರು ಇಳಿದು ಮೆಟ್ಟಿಲಿನ ಸಿಮೆಂಟು ಕಪ್ಪಾಗಿದೆ. ಇಷ್ಟೇ. ಇನ್ನು ಅಜ್ಜಿ ಏನು ಮಾಡಿದ್ರೂ ನೋಡೋನಿಗೆ ಆ ಚಪ್ಪಲಿಯೇ ತಲೇಲಿ.

ನಾಲ್ಕನೇದು ಅಜ್ಜಿಯ ಬೆನ್ನ ಹಿಂದಿಂದ, ನಡುಮನೆ ಬಾಗಿಲ ಸಂದೀಲಿ ಕ್ಯಾಮೆರಾ ಇಟ್ಟು, ಫ್ರೇಮಿನ ಅರ್ಧ ಬಾಗಿಲ ಮರವೇ ತುಂಬ್ಕೊಂಡಿರೋ ಹಾಗೆ. ಬಚ್ಚಿಟ್ಕೊಂಡು ನೋಡ್ತಾ ಇರೋದು ಯಾರು ಅಂತ ಹೇಳೋದೇ ಬೇಡ, ಕ್ಯಾಮೆರಾ ನಿಂತ ಜಾಗವೇ ಹೇಳ್ತದೆ. 1975ರ 'ಜಾಸ್' ಶುರುವಿನಲ್ಲಿ ಶಾರ್ಕನ್ನ ಒಂದು ಸಲವೂ ತೋರಿಸೋದಿಲ್ಲ, ನೀರಿನ ಅಡಿಯಿಂದ ಈಜ್ತಾ ಇರೋಳ ಕಾಲು ಕಾಣ್ತದೆ ಅಷ್ಟೇ. ಕೆಲಸ ಮಾಡೋದು ಅದೇ ಸೂತ್ರ. ಐದನೇದನ್ನ ಕೊನೆಗೆ ಹೇಳ್ತೇನೆ.

ಕ್ಯಾಮೆರಾ ಓರೆ ಮಾಡಿ ತೆಗೆಯೋ ಚಟ ಇದ್ರೆ ಇಡೀ ಓಪನಿಂಗಿಗೆ ಒಂದೇ ಸಲ. ಫೋನ್ ಅಲುಗದ ಹಾಗೆ ಹಿಡಿಯೋ ಗಿಂಬಲ್ ಇದೆ ಅಂತ ಎಲ್ಲ ಶಾಟಲ್ಲೂ ತೇಲಬೇಡಿ, ಮದುವೆ ವಿಡಿಯೋ ಆಗ್ತದೆ.

ಹಂತ 3: ಜಾಗ

ಹಳೇ ಹಂಚಿನ ಮನೆ, ಮರದ ಸರಳಿನ ಕಿಟಕಿ. ಮನೆಯವರನ್ನ ಕೇಳಿ ಹೋಗಿ.

ಹಂತ 4: ಕತ್ತಲೆಗೆ ಲೈಟ್ ಹಾಕೋದು

ಎಲ್ಲರೂ ಮುಗ್ಗರಿಸೋದು ಇಲ್ಲೇ. ರಾತ್ರಿ ಸೀನು ಅಂತ ಎಲ್ಲ ಲೈಟ್ ಆಫ್ ಮಾಡಿ ಫೋನನ್ನ ಆಟೋ ಮೋಡಲ್ಲಿಟ್ಟು ತೆಗೀತಾರೆ. ಬೆಳಕಿಲ್ಲ ಅಂತ ಗೊತ್ತಾದ ಕೂಡಲೇ ಫೋನು ತಾನೇ ಐಎಸ್‌ಒ, ಅಂದ್ರೆ ಬೆಳಕಿಗೆ ಸ್ಪಂದಿಸೋ ಸೂಕ್ಷ್ಮತೆ, ಏರಿಸ್ತದೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು, ಕಪ್ಪು ಇರಬೇಕಾದ ಜಾಗ ಎಲ್ಲ ಬೂದಿ ಬಣ್ಣ. ಎಡಿಟಿಂಗಲ್ಲಿ ಸರಿ ಮಾಡ್ತೇನೆ ಅಂತಾರೆ, ಆಗೋದಿಲ್ಲ ಮಾರಾಯ್ರೆ. ಬೆಳಕು ಬೇಕು, ಆದ್ರೆ ಒಂದೇ ದಿಕ್ಕಿಂದ ಬೇಕು, ಉಳಿದ ಕಡೆ ಬೀಳದ ಹಾಗೆ ತಡೀಬೇಕು.

ಮೊದಲು ದೂರದ ಲೆಕ್ಕ. ಬಲ್ಬಿಂದ ದೂರ ಎರಡು ಪಟ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳೀತದೆ, ಮೂರು ಪಟ್ಟಾದ್ರೆ ಒಂಬತ್ತರಲ್ಲೊಂದು ಭಾಗ. ಅಂದ್ರೆ ಬಲ್ಬು ಅಜ್ಜಿ ಮುಖಕ್ಕೆ 3 ಅಡೀಲಿದ್ದು ಹಿಂದಿನ ಗೋಡೆ ಬಲ್ಬಿಂದ 9 ಅಡಿ ಆಚೆ ಇದ್ರೆ, ಮುಖಕ್ಕೆ ಎಕ್ಸ್‌ಪೋಶರ್, ಅಂದ್ರೆ ಬೆಳಕಿನ ಅಳತೆ, ಸರಿ ಮಾಡಿದಾಗ ಗೋಡೆ ತಾನಾಗೇ ಕತ್ತಲಾಗ್ತದೆ. ನಮ್ಮ ಹುಡುಗ್ರು ಆರ್ಟಿಸ್ಟನ್ನ ಗೋಡೆಗೆ ಒರಗಿಸಿ ನಿಲ್ಲಿಸ್ತಾರೆ, ಆಮೇಲೆ ಗೋಡೆ ಯಾಕೆ ಹೊಳೀತದೆ ಅಂತ ತಲೆ ಕೆರ್ಕೊಳ್ತಾರೆ. ನಾಲ್ಕು ಹೆಜ್ಜೆ ಮುಂದೆ ಕರೀರಿ.

ಎರಡನೇದು ದಿಕ್ಕು. ಕ್ಯಾಮೆರಾ ಪಕ್ಕದಿಂದಲೇ ಲೈಟ್ ಹೊಡೆದ್ರೆ ಮುಖ ಚಪ್ಪಟೆ, ಆಧಾರ್ ಕಾರ್ಡ್ ಫೋಟೋ. ಬದಿಯಿಂದ, ಸ್ವಲ್ಪ ಹಿಂದಕ್ಕೆ ಸರಿಸಿ ಇಡಿ, ಅರ್ಧ ಮುಖ ಕಾಣಬೇಕು, ಇನ್ನರ್ಧ ಇದೆಯೋ ಇಲ್ಲವೋ ಅನ್ನೋ ಹಾಗಿರಬೇಕು. ಸುಣ್ಣ ಬಳಿದ ಬಿಳಿ ಗೋಡೆ ಇದ್ರೆ ಅದಕ್ಕೆ ಬೆಳಕು ತಾಗಿ ವಾಪಸ್ ಬಂದು ಆ ಕತ್ತಲೆನ ಹಾಳು ಮಾಡ್ತದೆ, ಅದಕ್ಕೆ ನೆರಳಿನ ಬದಿಗೆ ಫ್ರೇಮಿಂದ ಹೊರಗೆ ಒಂದು ಕರಿ ಕಂಬಳಿ ನೇತುಹಾಕಿ. ಇದಕ್ಕೆ ಅಂತ ಮಾರೋ ಕಪ್ಪು ಬಟ್ಟೆ ಎಲ್ಲ ಬೇಡ, ಕಂಬಳಿಗಿಂತ ಚೆನ್ನಾಗಿ ಬೆಳಕು ನುಂಗೋ ವಸ್ತು ನಾನಂತೂ ನೋಡಿಲ್ಲ. ಕಣ್ಣಲ್ಲಿ ಮಾತ್ರ ಒಂದು ಸಣ್ಣ ಹೊಳಪು ಬಿಡಿ, ಒಲೆ ಬೆಂಕಿಯದ್ದೇ ಆದ್ರೆ ಇನ್ನೂ ಒಳ್ಳೇದು. ಅದೂ ಇಲ್ಲದಿದ್ರೆ ಕಣ್ಣು ಬರೀ ಗುಳಿ.

ಮೂರನೇದು ಬಣ್ಣ. ಬೆಳದಿಂಗಳಿಗೆ ಅಂತ ನೀಲಿ ಕಾಗದ ಅಂಟಿಸೋದು, ಬಣ್ಣ ಬದಲಾಗೋ ಚೀಪ್ ಆರ್‌ಜಿಬಿ ಲೈಟ್ ತರೋದು ಎಲ್ಲ ಬಿಡಿ, ಅವುಗಳಲ್ಲಿ ಚರ್ಮ ಪಾಚಿ ಹಿಡಿದ ಹಾಗೆ ಕಾಣ್ತದೆ. ಕಿಟಕಿ ಹೊರಗೆ ಮಾಮೂಲಿ ಬಿಳಿ ಎಲ್‌ಇಡಿ ಬಲ್ಬು, ಒಳಗೆ ಹಳದಿ ಬಲ್ಬು, ಫೋನಿನ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನ ಬಿಳಿ ಅಂತ ಲೆಕ್ಕ ಹಿಡೀಬೇಕು ಅನ್ನೋ ಸೆಟ್ಟಿಂಗು) 3200 ಕೆಲ್ವಿನ್ನಿಗೆ ಲಾಕ್. ಹೊರಗಿನ ಬಿಳಿ ತಾನಾಗೇ ನೀಲಿ ಆಗಿ ಬೆಳದಿಂಗಳಾಗ್ತದೆ. ಹೊರಗಿನ ಬಲ್ಬನ್ನ ಕಿಟಕಿ ಸರಳಿನ ನೆರಳು ನೆಲದ ಮೇಲೆ ಉದ್ದಕ್ಕೆ ಬೀಳೋ ಹಾಗೆ ಎತ್ತರದಲ್ಲಿ ಕಟ್ಟಿ, ಅದರ ಮುಂದೆ ಒಬ್ಬ ಬಾಳೆ ಎಲೆ ಹಿಡ್ಕೊಂಡು ನಿಧಾನ ಅಲ್ಲಾಡಿಸ್ಲಿ. ಗಾಳಿ ಬೀಸ್ತಾ ಇದೆ ಅಂತ ನಂಬ್ತಾರೆ.

ಮಳೆ ಬಗ್ಗೆ ಒಂದು ಮಾತು. ನಿಜವಾದ ಮಳೇಲಿ ಮೂರು ತಾಸು ನೆನೆದು ಶೂಟ್ ಮಾಡಿ ಬಂದ ಹುಡುಗನ ಫೂಟೇಜಲ್ಲಿ ಒಂದು ಹನಿಯೂ ಕಾಣ್ತಿರ್ಲಿಲ್ಲ, ಪಾಪ, ಲೈಟ್ ಕ್ಯಾಮೆರಾ ಪಕ್ಕದಲ್ಲೇ ಇಟ್ಟಿದ್ದ. ಮಳೆ ಕಾಣಬೇಕಂದ್ರೆ ಬೆಳಕು ಮಳೆಯ ಹಿಂದಿಂದ ಬರಬೇಕು, ಅದರ ಹಿಂದೆ ಕಪ್ಪು ಇರಬೇಕು. ಬಚ್ಚಲ ಒಲೆ ಹೊಗೆಗೂ ಇದೇ ನಿಯಮ. ವಯರ್ ಜಾಯಿಂಟ್ ನೆಲದ ಮೇಲೆ ಬಿಡಬೇಡಿ, ಸಸ್ಪೆನ್ಸ್ ಬೇರೆ ತರ ಆಗ್ತದೆ.

ಹಂತ 5: ಫೋನ್ ಸೆಟ್ಟಿಂಗು

ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಏರಿಳೀತದೆ. ಫೋನು ಮಾಮೂಲಾಗಿ ಸೆಕೆಂಡಿಗೆ 30 ಫ್ರೇಮಲ್ಲಿರ್ತದೆ, ಶಟರ್ (ಒಂದು ಫ್ರೇಮಿಗೆ ಬೆಳಕು ತಗೊಳ್ಳೋ ಹೊತ್ತು) ಸೆಕೆಂಡಿನ 60ರಲ್ಲೊಂದಕ್ಕೆ ಹೋದ್ರೆ ಎರಡೂ ಹೊಂದದೆ ಪರದೆ ಮೇಲೆ ಪಟ್ಟಿ ಓಡ್ತದೆ. 25 ಫ್ರೇಮು, ಶಟರ್ 50ರಲ್ಲೊಂದು ಮಾಡಿ. ಆದ್ರೂ ಮಿಟುಕಿದ್ರೆ ಬಲ್ಬು ಬದಲಿಸಿ. ನಾನು ಒಂದು ಸಲ ಬಾಡಿಗೆಗೆ ತಂದ ಪ್ಯಾನೆಲ್ ರಾತ್ರಿಯಿಡೀ ಮಿಟುಕ್ತಾ ಇತ್ತು, ಗೊತ್ತಾದದ್ದು ಮಾರನೇ ದಿನ ಕಂಪ್ಯೂಟರಲ್ಲಿ, ದುಡ್ಡು ವಾಪಸ್ ಕೇಳಿದ್ರೆ ಉತ್ತರವೇ ಇಲ್ಲ. ಐಎಸ್‌ಒ 800ರ ಒಳಗಿರ್ಲಿ. ಫೋಕಸ್, ಎಕ್ಸ್‌ಪೋಶರ್ ಲಾಕ್. ಇದಕ್ಕೆಲ್ಲ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ ಸಿಗ್ತದೆ. ಕತ್ತಲಲ್ಲಿ 1ಎಕ್ಸ್, ಅಂದ್ರೆ ಫೋನಿನ ಮುಖ್ಯ ಲೆನ್ಸ್, ಬಿಟ್ಟು ಬೇರೇದು ಮುಟ್ಟಬೇಡಿ.

ಹಂತ 6: ಕಡಲಲ್ಲಿ ಮಾಡೋದಾದ್ರೆ

ಕಾರವಾರದವರು ಟ್ಯಾಗೋರ್ ಬೀಚಲ್ಲೇ ಮಾಡ್ತೇವೆ ಅಂತಾರೆ, ಮಾಡಿ, ಅಷ್ಟು ದೊಡ್ಡ ಜಾಗಕ್ಕೆ ಬಲ್ಬು ಸಾಲೋದಿಲ್ಲ, ಆಕಾಶವೇ ಲೈಟು. ಸೂರ್ಯ ಮುಳುಗಿದ ಮೇಲೆ ನೀಲಿ ಬೆಳಕು ಇಪ್ಪತ್ತು-ಇಪ್ಪತ್ತೈದು ನಿಮಿಷ ಸಿಗ್ತದೆ, ಅಷ್ಟರೊಳಗೆ ಮೊದಲು ವೈಡ್ ಎಲ್ಲ ಮುಗಿಸಿ, ಕ್ಲೋಸ್‌ಅಪ್ ಕೊನೆಗೆ, ಯಾಕಂದ್ರೆ ಕ್ಲೋಸ್‌ಅಪ್ಪಿಗೆ ಸಣ್ಣ ಲೈಟ್ ಹಿಡಿದ್ರೂ ನಡೀತದೆ. ನಮ್ಮ ಟೀಮು ಆ ಇಪ್ಪತ್ತು ನಿಮಿಷದಲ್ಲಿ ಚುರುಮುರಿ ತಿಂತಾ ಇತ್ತು, ಹಾಗಾಗಿ ಹೇಳ್ತಾ ಇದ್ದೇನೆ. ಪಡುವಣಕ್ಕೆ ಮುಖ ಮಾಡಿ ತೆಗೆದ್ರೆ ಆಳು ಬರೀ ಕಪ್ಪು ಆಕೃತಿ, ಬರ್ತಾ ಇದ್ದಾನೋ ಹೋಗ್ತಾ ಇದ್ದಾನೋ ಗೊತ್ತಾಗೋದಿಲ್ಲ, ಥ್ರಿಲ್ಲರಿಗೆ ಅದೇ ಬೇಕು. ಅರ್ಗಾ ಕಡೆ ನೌಕಾನೆಲೆ ಇದೆ, ಡ್ರೋನ್ ಆಸೆ ಬಿಟ್ಬಿಡಿ.

ಹಂತ 7: ಎಡಿಟಿಂಗು

ಚಪ್ಪಲಿ ಶಾಟು ನಾಲ್ಕು ಸೆಕೆಂಡ್ ಸಾಕು ಅನ್ಸಿದ್ರೆ ಏಳು ಸೆಕೆಂಡ್ ಇಡಿ. ಮ್ಯೂಸಿಕ್ ಬೇಡ, ಹಂಚಿನ ಮೇಲೆ ಮಳೆ ಬೀಳೋ ಸದ್ದು ಬೇರೆಯಾಗಿ ರೆಕಾರ್ಡ್ ಮಾಡ್ಕೊಳ್ಳಿ.

ಇನ್ನು ಆ ಐದನೇ ಶಾಟು. ಅಜ್ಜಿಯ ಕೈ ಮಾತ್ರ, ಮೇಲಿನಿಂದ, ಒಲೆ ಬೆಳಕಲ್ಲಿ. ಒಂದು ಲೋಟಕ್ಕೆ ಕಷಾಯ ಬಗ್ಗಿಸ್ತಾರೆ. ಬಗ್ಗಿಸಿ ಮುಗೀತು, ಕೈ ಫ್ರೇಮಿಂದ ಹೊರಗೆ ಹೋಗ್ತದೆ, ಎರಡು ಸೆಕೆಂಡ್ ಖಾಲಿ. ವಾಪಸ್ ಬಂದಾಗ ಕೈಯಲ್ಲಿ ಎರಡನೇ ಲೋಟ. ಅದನ್ನ ಮೊದಲನೇದರ ಪಕ್ಕ ಇಡ್ತಾರೆ, ತಿರುಗಿ ನೋಡೋದಿಲ್ಲ. ಟೈಟಲ್ ಕಾರ್ಡ್ ಅಲ್ಲಿ ಹಾಕಿ.