3,35,50,336: ಒಂದು ದೊಡ್ಡ ಸಂಖ್ಯೆಯ ಜಾತಕ ಬಿಡಿಸುವುದು ಹೇಗೆ?

ಮೂರು ಕೋಟಿ ಮೂವತ್ತೈದು ಲಕ್ಷ ಐವತ್ತು ಸಾವಿರದ ಮುನ್ನೂರ ಮೂವತ್ತಾರು. ಇದರ ಭಾಜಕಗಳನ್ನೆಲ್ಲ ಹುಡುಕಿ ಕೂಡಿಸಿ ಅಂದರೆ ಹೆಚ್ಚಿನವರು 1, 2, 3 ಅಂತ ಒಂದೊಂದರಿಂದಲೇ ಭಾಗಿಸುತ್ತಾ ಹೊರಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಅದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಿರಿ, ಉಳಿದದ್ದೆಲ್ಲ ಅಲ್ಲಿಂದಲೇ ಸಿಗುತ್ತದೆ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

ಕೊನೆಯ ಅಂಕಿ 6, ಅಂದರೆ ಸಮಸಂಖ್ಯೆ. ಅರ್ಧ ಮಾಡಿ: 1,67,75,168. ಮತ್ತೆ ಅರ್ಧ: 83,87,584. ಬೆಸ ಸಂಖ್ಯೆ ಬರುವ ತನಕ ಹೀಗೇ ಇಳಿಯುತ್ತಾ ಹೋದರೆ 32,764, ಆಮೇಲೆ 16,382, ಕೊನೆಗೆ 8191ಕ್ಕೆ ಬಂದು ನಿಲ್ಲುತ್ತೀರಿ. ಒಟ್ಟು 12 ಸಲ. ಪ್ರತಿ ಸಲಕ್ಕೂ ಪಕ್ಕದಲ್ಲೊಂದು ಗೀಟು ಹಾಕಿ, ಲೆಕ್ಕ ತಪ್ಪಬಾರದು.

8191 ಅವಿಭಾಜ್ಯವೇ? ನನಗೆ ತುಂಬಾ ಇಷ್ಟವಾಗುವುದು ಇದೇ ಹಂತ. 91ರ ವರ್ಗ 8281, ಹಾಗಾಗಿ 90ರ ಒಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅವೂ 24 ಇವೆ, ಜಾಸ್ತಿ ಆಯಿತು ಅಲ್ವಾ? ಆದರೆ 8191 ಅಂದರೆ 2ರ 13ನೇ ಘಾತಕ್ಕಿಂತ ಒಂದು ಕಡಿಮೆ. 13 ಅವಿಭಾಜ್ಯವಾದ್ದರಿಂದ, ಇದನ್ನು ಭಾಗಿಸಬಲ್ಲ ಯಾವುದೇ ಅವಿಭಾಜ್ಯವನ್ನು 26ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥವು 90ರೊಳಗೆ ಎರಡೇ: 53 ಮತ್ತು 79. 53ರಿಂದ ಭಾಗಿಸಿದರೆ 29 ಉಳಿಯುತ್ತದೆ, 79ರಿಂದ ಭಾಗಿಸಿದರೆ 54. ಅಷ್ಟೇ, 8191 ಅವಿಭಾಜ್ಯ.

ಈಗ ಭಾಜಕಗಳು. 1, 2, 4 ಅಂತ 4096ರವರೆಗೆ 13, ಅವನ್ನೇ 8191ರಿಂದ ಗುಣಿಸಿದರೆ ಇನ್ನೂ 13. ಮೊದಲ ಗುಂಪಿನ ಮೊತ್ತ 8191, ಎರಡೂ ಸೇರಿದರೆ 8191 × 8192, ಅಂದರೆ 6,71,00,672. ಇದರಿಂದ ಮೂಲ ಸಂಖ್ಯೆಯನ್ನು ಕಳೆಯಿರಿ. ಉಳಿಯುವುದು 3,35,50,336, ಅದೇ ಸಂಖ್ಯೆ! ಹೀಗೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವುದು ಪರಿಪೂರ್ಣ ಸಂಖ್ಯೆ. 6, 28, 496, 8128 ಆದಮೇಲೆ ಇದು ಐದನೆಯದು. 2ರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯವನ್ನು ಆ ಘಾತದ ಅರ್ಧದಿಂದ ಗುಣಿಸಿದರೆ (ಇಲ್ಲಿ 8191 × 4096) ಪರಿಪೂರ್ಣ ಸಂಖ್ಯೆ ಬರುತ್ತದೆ ಅಂತ ದಾರಿ ತೋರಿಸಿದವನು ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಇದೇ ದಾರಿಯಲ್ಲಿ ಬರುತ್ತವೆ ಅಂತ ಸಾಧಿಸಿದವನು 18ನೇ ಶತಮಾನದ ಗಣಿತಜ್ಞ ಆಯ್ಲರ್. ಬೆಸ ಪರಿಪೂರ್ಣ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿಲ್ಲ, ಇಲ್ಲವೇ ಇಲ್ಲ ಅಂತಲೂ ಯಾರೂ ಸಾಧಿಸಿಲ್ಲ.

ಅದೇ ಹಾಳೆಯಲ್ಲಿ ಇನ್ನಷ್ಟು ಇದೆ. 1ರಿಂದ 8191ರವರೆಗಿನ ಎಲ್ಲ ಸಂಖ್ಯೆಗಳನ್ನು ಕೂಡಿಸಿದರೂ ಇದೇ ಬರುತ್ತದೆ, ಹಾಗಾಗಿ ಇದು ತ್ರಿಕೋನ ಸಂಖ್ಯೆ ಕೂಡ. 1ರಿಂದ 127ರವರೆಗಿನ ಬೆಸ ಸಂಖ್ಯೆಗಳ ಘನಗಳನ್ನು ಕೂಡಿಸಿ ನೋಡಿ, ಮತ್ತೆ ಇದೇ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ 13 ಒಂದುಗಳು, ಅವುಗಳ ಬಲಕ್ಕೆ 12 ಸೊನ್ನೆಗಳು.

ಕೈ ಪಳಗಿದ ಮೇಲೆ 20,96,128 ತೆಗೆದುಕೊಳ್ಳಿ. ನೋಡಲು ಇದೇ ಅಚ್ಚು: 10 ಸಲ ಅರ್ಧ ಮಾಡಿದರೆ 2047, ಅದೂ 2ರ 11ನೇ ಘಾತಕ್ಕಿಂತ ಒಂದು ಕಡಿಮೆ. ಆದರೆ 2047 ಅಂದರೆ 23 × 89. ಅವಿಭಾಜ್ಯ ಅಲ್ಲ, ಸುಮ್ನೆ ನಂಬಿ ಮುಂದೆ ಹೋದರೆ ಉತ್ತರ ಕೆಡುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಇಲ್ಲಿ 23,25,392 ಬರಬೇಕು. ಮೂಲ ಸಂಖ್ಯೆಗಿಂತ ಜಾಸ್ತಿ, ಆದ್ದರಿಂದ ಇದು ಅಧಿಕ ಸಂಖ್ಯೆಗಳ ಗುಂಪಿಗೆ.