ಮೊದಲು ಒಳಗಿನ ಭಾರ, ಆಮೇಲೆ ಪೆಟ್ಟಿಗೆ: ಹಳೆಯ ರೇಡಿಯೋಗಳನ್ನು ಒಡೆಯದಂತೆ ಕಳಿಸಿದ ನನ್ನ ಅನುಭವ

ಹಳೆಯ ರೇಡಿಯೋಗಳನ್ನು ರಿಪೇರಿ ಮಾಡಿ ಮಾರುವವನು ನಾನು. ನನ್ನ ಪದ್ಧತಿಯಲ್ಲಿ ಪ್ಯಾಕ್ ಮಾಡಿದ ನಲವತ್ತೆರಡನೆಯ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬರುವ ಮೊದಲಿನ, ಗಾಜಿನ ವಾಲ್ವ್‌ಗಳಿಂದ ನಡೆಯುವ ಸೆಟ್ಟು) ಹೋದ ತಿಂಗಳು ಗಿರಾಕಿಯ ಮನೆ ಸೇರಿತು. ಪೆಟ್ಟಿಗೆಯ ಒಂದು ಮೂಲೆ ಅಂಗೈಯಗಲ ಜಜ್ಜಿಹೋಗಿತ್ತು, ಎಲ್ಲೋ ಎತ್ತರದಿಂದಲೇ ಬಿದ್ದಿರಬೇಕು. ಒಳಗೆ ಬೇಕಲೈಟ್ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್) ಕ್ಯಾಬಿನೆಟ್ಟಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ, ಡಯಲ್ ಗಾಜು ಇದ್ದಲ್ಲೇ ಇದೆ. ವಾಲ್ವ್‌ಗಳನ್ನು ಕೂರಿಸಿ ಆನ್ ಮಾಡಿದರೆ ಮ್ಯಾಜಿಕ್ ಐ (ಸ್ಟೇಷನ್ ಸರಿಯಾಗಿ ಸಿಕ್ಕಿತೇ ಎಂದು ತೋರಿಸುವ ದೀಪ) ಹಸಿರಾಗಿ ಬೆಳಗಿತು. ಆ ಫೋಟೋವನ್ನು ನಾನು ಮೂವರು ಸ್ನೇಹಿತರಿಗೆ ಕಳಿಸಿದೆ. "ಚಾಸಿ ಬಿಚ್ಚಿ ಕಳಿಸ್ತೀಯಾ? ಬಿಚ್ಚಿದ ಸೆಟ್ಟನ್ನ ಯಾರು ತಗೋತಾರೆ?" ಎಂದು ಕೇಳಿದ್ದವರು ಅವರೇ. ಚಾಸಿ ಎಂದರೆ ಟ್ರಾನ್ಸ್‌ಫಾರ್ಮರ್, ವಾಲ್ವ್ ಎಲ್ಲ ಕೂತಿರುವ ಒಳಗಿನ ಲೋಹದ ಚೌಕಟ್ಟು.

ನನ್ನ ಪದ್ಧತಿ ಇಷ್ಟೇ. ಸಾಗಣೆಯಲ್ಲಿ ಸೆಟ್ಟನ್ನು ಒಡೆಯುವುದು ಅದರೊಳಗಿನ ಭಾರ. ಅದನ್ನು ಮೊದಲು ಕಟ್ಟಿಹಾಕಬೇಕು, ಇಲ್ಲವೇ ಹೊರಗೆ ತೆಗೆಯಬೇಕು. ಪೆಟ್ಟಿಗೆ, ಫೋಮು, ಟೇಪು ಎಲ್ಲ ಆಮೇಲಿನ ಮಾತು. ಇದು ತಲೆಗೆ ಹೋಗುವಷ್ಟರಲ್ಲಿ ಮೂರು ಸೆಟ್ಟು, ಒಂದು ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ನನಗೆ ನಷ್ಟ ತಂದಿದ್ದವು.

ಮೊದಲನೆಯದು ಒಂಬತ್ತು ಕಿಲೋದ ಮೇಜಿನ ಮೇಲಿಡುವ ಬೇಕಲೈಟ್ ಸೆಟ್ಟು. ಬಬಲ್ ಶೀಟನ್ನು ಆರು ಸುತ್ತು ಸುತ್ತಿ, ಗಟ್ಟಿ ಪೆಟ್ಟಿಗೆಗೆ ಹಾಕಿ, ನಾಲ್ಕೂ ಕಡೆ ಥರ್ಮಾಕೋಲ್ ತುರುಕಿ ಕಳಿಸಿದ್ದೆ. ತಲುಪಿದಾಗ ಪೆಟ್ಟಿಗೆಗೆ ಗೀರೂ ಇರಲಿಲ್ಲ. ಒಳಗೆ ಮಾತ್ರ ಕ್ಯಾಬಿನೆಟ್ಟು ಐದು ಚೂರು. ಚಾಸಿಯನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳ ರಬ್ಬರ್ ವಾಷರ್‌ಗಳು ಅರವತ್ತು ವರ್ಷದಲ್ಲಿ ಪುಡಿಯಾಗಿದ್ದವು, ನಾನು ನೋಡಿರಲಿಲ್ಲ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಒಂದೇ ಸುಮಾರು ಎರಡು ಕಿಲೋ. ಪೆಟ್ಟಿಗೆ ಬಿದ್ದು ಥಟ್ಟನೆ ನಿಂತಾಗ 50 ಜಿ (ಭೂಮಿಯ ಎಳೆತದ ಐವತ್ತು ಪಟ್ಟು) ಏಟು ಬಿದ್ದರೆ ಆ ಎರಡು ಕಿಲೋ ನೂರು ಕಿಲೋದ ಹಾಗೆ ಎಳೆಯುತ್ತದೆ. ಬೋಲ್ಟಿನ ತೂತಿನಿಂದಲೇ ಬಿರುಕು ಶುರುವಾಗಿತ್ತು. ಹೊರಗೆ ಎಷ್ಟು ಬಬಲ್ ಸುತ್ತಿದ್ದರೂ ಅದು ತಪ್ಪುತ್ತಿರಲಿಲ್ಲ.

ವಿಮೆ ಮಾಡಿಸಿದ್ದೆ. ಕೊರಿಯರ್‌ನವರು "ಪ್ಯಾಕಿಂಗ್ ಸಾಲದು" ಎಂದು ಎರಡು ಸಾಲಿನ ಪತ್ರ ಬರೆದು ಕೈತೊಳೆದುಕೊಂಡರು. ಅವರ ಷರತ್ತುಗಳನ್ನು ಆಮೇಲೆ ಕೂತು ಓದಿದೆ. ಹೊರಪೆಟ್ಟಿಗೆಗೆ ಗಾಯವಿಲ್ಲದೆ ಒಳಗೆ ಒಡೆದರೆ ಅವರು ಕೊಡುವುದೇ ಇಲ್ಲವಂತೆ. ಆ ಸಲ ಗಿರಾಕಿಗೆ ಪೂರ್ತಿ ಹಣ ವಾಪಸ್, ಮೇಲೆ ಎರಡೂ ಕಡೆಯ ಸಾಗಣೆ ಖರ್ಚು. ಹಿಂದಿನ ನಾಲ್ಕು ಮಾರಾಟದ ಲಾಭ ಅಲ್ಲಿಗೆ ಹೋಯಿತು.

ಎರಡನೆಯದರಲ್ಲಿ ಥರ್ಮಾಕೋಲ್ ಕೈಕೊಟ್ಟಿತು. ದಾರಿಯುದ್ದಕ್ಕೂ ಅಲುಗಾಡಿ ಅದು ಕಾಳುಕಾಳಾಗಿ ಉದುರಿ, ಹಿಂದಿನ ಹಲಗೆಯ ಗಾಳಿಕಿಂಡಿಯಿಂದ ಒಳಗೆ ಹೋಗಿ, ಗ್ಯಾಂಗ್ ಕಂಡೆನ್ಸರಿನ (ಸ್ಟೇಷನ್ ಹುಡುಕುವಾಗ ನಾಬ್ ಜೊತೆ ತಿರುಗುವ ಭಾಗ) ತಗಡುಗಳ ನಡುವೆ ಕೂತಿತ್ತು. ಗಿರಾಕಿ ನಾಬ್ ತಿರುಗಿಸಿದಾಗ ಒಂದು ತಗಡು ಬಾಗಿತು. ಅಂದಿನಿಂದ ಥರ್ಮಾಕೋಲನ್ನು ನಾನು ಮನೆಯೊಳಗೆ ಬಿಟ್ಟಿಲ್ಲ. ಗ್ಯಾಂಗಿನ ತಗಡುಗಳನ್ನೂ ಪೂರ್ತಿ ಒಳಸೇರಿಸಿ, ನಾಬ್ ಅಲುಗದಂತೆ ಕಾಗದದ ಟೇಪು ಹಚ್ಚಿದ ಮೇಲೆಯೇ ಪ್ಯಾಕ್ ಮಾಡುತ್ತೇನೆ.

ಮೂರನೆಯದು ಪಾಲಿಶ್ ಮಾಡಿದ ಮರದ ಸೆಟ್ಟು. ಏನೂ ಒಡೆಯಲಿಲ್ಲ. ಆದರೆ ಬಬಲ್ ಶೀಟಿನ ಗುಳ್ಳೆಗಳು ಬಿಸಿಲಿಗೆ ವಾರ್ನಿಷ್ ಮೇಲೆ ಅಚ್ಚೊತ್ತಿದ್ದವು. ಬೆಲೆಯಲ್ಲಿ ನೂರಕ್ಕೆ ಮೂವತ್ತು ಇಳಿಸಿ ಗಿರಾಕಿಯನ್ನು ಸಮಾಧಾನ ಮಾಡಬೇಕಾಯಿತು. ಈಗ ಮೊದಲ ಸುತ್ತು ತೆಳು ಹತ್ತಿಬಟ್ಟೆ, ಅದರ ಮೇಲೇ ಬಬಲ್, ಅದೂ ಗುಳ್ಳೆ ಹೊರಮುಖವಾಗಿ.

ಇಷ್ಟಾದ ಮೇಲೆ ಮಾರಾಟ ನಿಲ್ಲಿಸಿ ಎರಡು ತಿಂಗಳು ಬರೀ ಬೀಳಿಸಿ ನೋಡಿದೆ. ಮರದ ಡಬ್ಬಿಯೊಂದಕ್ಕೆ ಇಟ್ಟಿಗೆ ಕಟ್ಟಿ ಒಂಬತ್ತು ಕಿಲೋ ಮಾಡಿಕೊಂಡೆ. ಒಳಗೆ ನಾಲ್ಕು ಹಳೆಯ ಫಿಲಮೆಂಟ್ ಬಲ್ಬು. ಪ್ಯಾಕಿಂಗ್ ಪರೀಕ್ಷೆಗೆ ಐಎಸ್‌ಟಿಎ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 1ಎ ಎಂಬ ಕ್ರಮವಿದೆ, ಒಂದು ಮೂಲೆ, ಮೂರು ಅಂಚು, ಆರು ಮುಖ, ಒಟ್ಟು ಹತ್ತು ಸಲ ಬೀಳಿಸುವುದು. ಹತ್ತು ಕಿಲೋ ಒಳಗಿನದಕ್ಕೆ 76 ಸೆಂ.ಮೀ. ಎತ್ತರ, ಅದಕ್ಕಿಂತ ಭಾರವಾಗಿ 19 ಕಿಲೋ ಒಳಗಿದ್ದರೆ 61. ಅದನ್ನೇ ಅನುಸರಿಸಿದೆ. ಮೊದಲು ಫೋನನ್ನು ಒಳಗಿಟ್ಟು ಅದರ ಸೆನ್ಸರಿನಿಂದ ಏಟು ಅಳೆಯಲು ಹೋಗಿದ್ದೆ. ನನ್ನ ಫೋನು 8 ಜಿ ಆಚೆ ಅಳೆಯುವುದಿಲ್ಲ, ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತಿತ್ತು. ಬಲ್ಬೇ ವಾಸಿ.

ಫೋಮು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಅಲ್ಲಿ ಗೊತ್ತಾದದ್ದು ಅದಕ್ಕೆ ತದ್ವಿರುದ್ಧ. ಐದು ಸೆಂ.ಮೀ. ದಪ್ಪದ ಇಪಿಇ (ಪಾಲಿಥೀನಿನ) ಫೋಮನ್ನು ತಳದ ತುಂಬ ಹಾಸಿದರೆ ಎರಡನೆಯ ಬೀಳಿಗೇ ಬಲ್ಬಿನ ಫಿಲಮೆಂಟ್ ಹರಿದಿತ್ತು. ಅದೇ ಫೋಮಿನಲ್ಲಿ ಏಳು ಸೆಂ.ಮೀ. ಚೌಕದ ನಾಲ್ಕು ತುಂಡು ಕತ್ತರಿಸಿ ಮೂಲೆಗೊಂದರಂತೆ ಇಟ್ಟಾಗ ಹತ್ತೂ ಬೀಳು ದಾಟಿದವು, ನಾಲ್ಕೂ ಬಲ್ಬು ಉರಿದವು. ಕಾರಣ ಸರಳ. ಅಗಲವಾಗಿ ಹಾಸಿದರೆ ಒಂಬತ್ತು ಕಿಲೋಗೆ ಆ ಫೋಮು ಒತ್ತಿಕೊಳ್ಳುವುದೇ ಇಲ್ಲ, ಹಲಗೆಯ ಹಾಗೆ ನಿಲ್ಲುತ್ತದೆ. 75 ಸೆಂ.ಮೀ. ಬಿದ್ದದ್ದು ಒಂದು ಸೆಂ.ಮೀ. ಒಳಗೆ ನಿಂತರೆ ಸರಾಸರಿ 75 ಜಿ ಏಟು. ಮೂರು ಸೆಂ.ಮೀ. ಕುಸಿದು ನಿಂತರೆ 25. ಫೋಮು ಕುಸಿಯಲೇಬೇಕು, ಆದರೆ ತಳಮುಟ್ಟಬಾರದು. ಹೆಬ್ಬೆರಳಲ್ಲಿ ಒತ್ತಿ ಅಂದಾಜು ಮಾಡುವುದನ್ನು ಬಿಟ್ಟು, ತೂಕಕ್ಕೆ ತಕ್ಕಂತೆ ತುಂಡಿನ ಅಳತೆ ಬರೆದುಕೊಂಡ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ್ದೇನೆ. ಆ ಪಟ್ಟಿಯನ್ನು ಪೂರ್ತಿ ಇಲ್ಲಿ ಕೊಡುವುದಿಲ್ಲ. ಒಂಬತ್ತು ಕಿಲೋದ ಲೆಕ್ಕ ಕೊಟ್ಟಿದ್ದೇನೆ, ಬಲ್ಲವರು ಅಲ್ಲಿಂದ ಮುಂದುವರಿಸಬಹುದು.

ಇನ್ನು ಚಾಸಿಯ ವಿಷಯ. ಬಿಚ್ಚಬಾರದು ಎನ್ನುವವರ ವಾದ ನನಗೂ ಅರ್ಥವಾಗುತ್ತದೆ. ಆದರೆ ಸೆಟ್ಟು ರಿಪೇರಿ ಮಾಡುವಾಗ ಹೇಗೂ ಬಿಚ್ಚಿಯೇ ಇರುತ್ತೇವೆ. ನಾನು ಮಾಡುವುದು, ಚಾಸಿಗೆ ಒಂದು ಪೆಟ್ಟಿಗೆ, ಖಾಲಿ ಕ್ಯಾಬಿನೆಟ್ಟಿಗೆ ಇನ್ನೊಂದು, ಎರಡು ಬೇರೆ ಬೇರೆ ಪಾರ್ಸೆಲ್. ಸಾಗಣೆ ಖರ್ಚು ಇಮ್ಮಡಿಯಾಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಲೆಕ್ಕ ಹಾಕಿ ನೋಡಿ. ಇಡೀ ಸೆಟ್ಟನ್ನು ಪೆಟ್ಟಿಗೆಯೊಳಗೆ ಪೆಟ್ಟಿಗೆ ಮಾಡಿ ಕಳಿಸಿದರೆ ಹೊರ ಅಳತೆ 68, 48, 50 ಸೆಂ.ಮೀ. ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ, ಅಂದರೆ ದೊಡ್ಡ ಪೆಟ್ಟಿಗೆಗೆ ಕೊರಿಯರ್‌ನವರು ದರ ಹಾಕುವ ತೂಕ, 32 ಕಿಲೋ ಚಿಲ್ಲರೆ. ಬಿಡಿಯಾಗಿ ಕಳಿಸಿದರೆ ಕ್ಯಾಬಿನೆಟ್ಟು 20, ಚಾಸಿ 10, ಒಟ್ಟು 30. ಎರಡನೆಯ ಪಾರ್ಸೆಲ್ಲಿನ ಶುಲ್ಕ ಸೇರಿದರೂ ನೂರಕ್ಕೆ ಐದಾರು ಹೆಚ್ಚು ಬಿದ್ದಿತೇ ಹೊರತು ಇಮ್ಮಡಿ ಎಂದೂ ಆಗಲಿಲ್ಲ. ಖಾಲಿ ಕ್ಯಾಬಿನೆಟ್ಟು ಬರೀ ಎರಡು ಕಿಲೋ, ಅದನ್ನು ಒಡೆಯುವಷ್ಟು ಭಾರ ಒಳಗೆ ಇರುವುದೇ ಇಲ್ಲ. ಬದಿಗಳು ಒಳಕ್ಕೆ ಬಾಗದಂತೆ ಒಂದು ರಟ್ಟಿನ ಚೌಕಟ್ಟು ನಿಲ್ಲಿಸಿದರೆ ಸಾಕು.

ಚಾಸಿಯನ್ನು ಟ್ರಾನ್ಸ್‌ಫಾರ್ಮರ್ ಕೆಳಗೆ ಬರುವಂತೆ ಮಲಗಿಸಿ, ಪ್ಲೈವುಡ್ ಹಲಗೆಗೆ ಅದರದೇ ಬೋಲ್ಟ್ ತೂತುಗಳಲ್ಲಿ ಬಿಗಿಯುತ್ತೇನೆ. ಫೋಮಿನ ಮೇಲೆ ಕೂರುವುದು ಹಲಗೆ, ಚಾಸಿ ಅಲ್ಲ. ಸ್ಪೀಕರ್ ಚಾಸಿಯ ಮೇಲೇ ಇದ್ದರೆ ಅದನ್ನೂ ಬಿಚ್ಚಿ ಮುಖ ಕೆಳಗೆ ಮಾಡಿ ರಟ್ಟಿಗೆ ಕಟ್ಟುತ್ತೇನೆ. ಸ್ಪೀಕರಿನ ಅಯಸ್ಕಾಂತ ಅಂಟಿನಿಂದ ಕೂರಿಸಿದ್ದಾದರೆ ಏಟಿಗೆ ಜರುಗಿ, ಒಳಗಿನ ತಂತಿಸುರುಳಿ (ಕಾಯಿಲ್) ಸಿಕ್ಕಿಕೊಳ್ಳುತ್ತದೆ. ಡಯಲ್ ಗಾಜನ್ನು ಹೇಗೆ ಕಳಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಅದಕ್ಕೆ ನಾನು ಹಚ್ಚುವ ವಸ್ತುವೊಂದಿದೆ, ಇಪ್ಪತ್ತೆಂಟು ಗಾಜಿನಲ್ಲಿ ಒಂದೂ ಹೋಗಿಲ್ಲ.

ವಾಲ್ವ್‌ಗಳನ್ನು ಯಾವಾಗಲೂ ಕಿತ್ತು, ಸಾಕೆಟ್ ನಂಬರ್ ಬರೆದು, ಬೇರೆ ಡಬ್ಬಿಯಲ್ಲಿ. ಗಾಜಿನ ಮೇಲೆ ಅಚ್ಚಾದ ಹೆಸರು ಬೆರಳು ತಾಗಿದರೂ ಅಳಿಸಿಹೋಗುವಂಥದ್ದು, ಟೇಪನ್ನಂತೂ ಅದರ ಹತ್ತಿರ ತರಬೇಡಿ. ಒಮ್ಮೆ ಇಎಲ್84 ಎಂಬ ವಾಲ್ವ್‌ಗಳ ಜೋಡಿಯೊಂದರ ಹೆಸರೇ ಟೇಪಿಗೆ ಅಂಟಿಕೊಂಡು ಬಂದು, ಗಿರಾಕಿ ನಂಬದೆ ಅರ್ಧ ಬೆಲೆ ಕೊಟ್ಟ. ಈಗ ಬುಡ ಹಿಡಿದು ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಕೊಳವೆಯೊಳಗೆ ನಿಲ್ಲಿಸುತ್ತೇನೆ.

ಟ್ರಾನ್ಸಿಸ್ಟರ್ ಸೆಟ್ಟುಗಳು ಸುಲಭ. ಎರಡೇ ಮಾತು. ಸೆಲ್ ತೆಗೆಯಿರಿ, ಫೆರೈಟ್ ಕಡ್ಡಿಯ (ಒಳಗಿನ ಏರಿಯಲ್) ಎರಡೂ ತುದಿಗೆ ಆಸರೆ ಕೊಡಿ. ಆ ಕಡ್ಡಿ ಬಳಪದ ಹಾಗೆ ಮುರಿಯುತ್ತದೆ.

ಟರ್ನ್‌ಟೇಬಲ್ ಕೆಟ್ಟದ್ದು ನನ್ನ ಸೋಮಾರಿತನದಿಂದ. ರೆಕಾರ್ಡ್ ಕೂರುವ ತಟ್ಟೆಯನ್ನು ಮೇಲೇ ಬಿಟ್ಟು ಪ್ಯಾಕ್ ಮಾಡಿದ್ದೆ. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನಲ್ಲಿ ಮೋಟಾರಿನ ಅಯಸ್ಕಾಂತ ತಟ್ಟೆಯ ಅಡಿಗೇ ಇದೆ, ತಟ್ಟೆ ಎಗರಿ ಕೂತಾಗಲೆಲ್ಲ ಏಟು ಬೀಳುವುದು ಬೇರಿಂಗಿಗೆ. ಹತ್ತಿರದಿಂದ ನೋಡಿದಾಗ ಸ್ಪಿಂಡಲ್ (ನಡುವಿನ ಕಡ್ಡಿ) ಒಂದಿಷ್ಟು ವಾಲಿತ್ತು, ತಿರುಗಿಸಿದರೆ ತಟ್ಟೆಯ ಅಂಚು ಅಲೆಯಂತೆ ಏರಿಳಿಯುತ್ತಿತ್ತು. ಈಗ ತಟ್ಟೆ, ಕೌಂಟರ್‌ವೇಟ್ (ಆರ್ಮಿನ ಹಿಂದಿನ ಭಾರ), ಹೆಡ್‌ಶೆಲ್ (ಮುಳ್ಳು ಕೂರುವ ತುದಿ), ಮುಚ್ಚಳ ನಾಲ್ಕೂ ಬೇರೆ. ತಟ್ಟೆಯನ್ನು ಎರಡು ರಟ್ಟಿನ ನಡುವೆ ಪೆಟ್ಟಿಗೆಯ ತಳದಲ್ಲಿಡುತ್ತೇನೆ, ಎಂದೂ ಮೇಲಲ್ಲ. ಆರ್ಮನ್ನು ಅದರ ಆಸರೆಗೆ ಮೆತ್ತಗಿನ ದಾರದಿಂದ ಕಟ್ಟುತ್ತೇನೆ. ಥೋರೆನ್ಸ್ ಟಿಡಿ 160ರಂತೆ ಸ್ಪ್ರಿಂಗಿನ ಮೇಲೆ ತೂಗುವ ಮಾದರಿಗಾದರೆ ಸಾಗಣೆ ತಿರುಪು ಬಿಗಿದು, ಅದರ ಜೊತೆಗೆ ಸ್ಪ್ರಿಂಗಿನ ಸುತ್ತ ಫೋಮನ್ನೂ ತುಂಬುತ್ತೇನೆ.

ಖರ್ಚಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಮೊದಲು ಮಾರಿದ ಬೆಲೆಯಲ್ಲಿ ನೂರಕ್ಕೆ ನಾಲ್ಕು ಪ್ಯಾಕಿಂಗಿಗೆ ಹೋಗುತ್ತಿತ್ತು, ಈಗ ಹತ್ತಿರಹತ್ತಿರ ಹನ್ನೊಂದು. ಒಂದು ಸೆಟ್ಟಿಗೆ ಮೂರು ತಾಸಿನ ಕೆಲಸ. ಇದನ್ನು ನಾನು ಬೆಲೆಯಲ್ಲಿ ಅಡಗಿಸುವುದಿಲ್ಲ, ಬೇರೆ ಸಾಲಾಗಿ ಬರೆಯುತ್ತೇನೆ. ಹತ್ತರಲ್ಲಿ ಇಬ್ಬರು ಬೇಡವೆಂದು ಹೋಗುತ್ತಾರೆ, ಹೋಗಲಿ. ಈ ಪದ್ಧತಿ ಶುರುಮಾಡಿದ ಮೇಲೆ ನಲವತ್ತೆರಡರಲ್ಲಿ ಹಾನಿಯಾದದ್ದು ಒಂದೇ, ಅದೂ ಒಂದು ನಾಬ್.

ಪೆಟ್ಟಿಗೆಯ ಮೇಲೆ ಈಗ "ಒಡೆಯುವ ವಸ್ತು" ಎಂದು ಅಂಟಿಸುವುದನ್ನೂ ಬಿಟ್ಟಿದ್ದೇನೆ, ಅಂಟಿಸಿದವೂ ಅಂಟಿಸದವೂ ಒಂದೇ ರೀತಿ ಜಜ್ಜಿ ತಲುಪಿವೆ. ಅದರ ಬದಲು ಒಳಪೆಟ್ಟಿಗೆಯ ಮೇಲೆ ಗಿರಾಕಿಗೆ ದೊಡ್ಡ ಅಕ್ಷರದಲ್ಲಿ ಒಂದು ಹಾಳೆ: ಬಂದ ದಿನ ತೆರೆದು ಫೋಟೋ ತೆಗೆಯಿರಿ, ರಾತ್ರಿಯೆಲ್ಲ ಕೋಣೆಯಲ್ಲಿ ಬಿಡಿ, ಹೊರಗಿನ ತಂಪು ತೇವ ಆರಲಿ. ಬೋಲ್ಟುಗಳು ನಂಬರ್ ಬರೆದ ಚೀಲದಲ್ಲಿವೆ. ವಾಲ್ವ್ ಕೂರಿಸುವಾಗ ನನಗೆ ಕರೆ ಮಾಡಿ, ವಿಡಿಯೋದಲ್ಲಿ ಜೊತೆಗಿರುತ್ತೇನೆ. ಮುಕ್ಕಾಲು ಪಾಲು ಜನ ಕರೆ ಮಾಡುತ್ತಾರೆ. ಹತ್ತು ನಿಮಿಷದ ಕೆಲಸ, ಕೊನೆಗೆ ಗುಂಯ್ ಎಂದು ಸೆಟ್ಟು ಎಚ್ಚರವಾಗುವುದನ್ನು ಇಬ್ಬರೂ ಕೇಳಿಯೇ ಫೋನ್ ಇಡುತ್ತೇವೆ.

ಈಗ ಮೇಜಿನ ಮೇಲೆ ಪಿಕ್ಚರ್ ಟ್ಯೂಬ್ ಇರುವ ಹಳೆಯ ಮಾನಿಟರ್ ಒಂದು ಕಾದಿದೆ. ಅದರ ಭಾರವೆಲ್ಲ ಮುಂದಿನ ಗಾಜಿನಲ್ಲಿ, ನಾಜೂಕೆಲ್ಲ ಹಿಂದಿನ ಕತ್ತಿನಲ್ಲಿ. ಪರದೆ ಕೆಳಮುಖವಾಗಿ, ಅಂಚುಗಳ ಮೇಲೆ ಮಾತ್ರ ಆಸರೆ ಕೊಟ್ಟು ಇಳಿಸಬೇಕೆಂದಿದ್ದೇನೆ. ಅದೇ ತೂಕದ ಮರದ ಡಬ್ಬಿ ತಯಾರಾಗಿದೆ, ನಾಳೆಯಿಂದ ಬೀಳಿಸಲು ಶುರು.