ತೂಕದ ಹೊತ್ತಿಗೆ ರಕ್ತ ಪರೀಕ್ಷೆ

ಮೂಡಿಗೆರೆ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ಸಿಸ್ಟರ್. ನಾನು ನೋಡಿಕೊಳ್ಳುವ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಫಿ ತೋಟದ ಲೈನ್ ಮನೆಗಳು, ಅಂದರೆ ಕೂಲಿಯವರು ಇರುವ ಸಾಲುಮನೆಗಳು. ಪ್ರತಿ ತಿಂಗಳ 9ಕ್ಕೆ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ. ಊರೊಳಗಿನವರು ಬರುತ್ತಿದ್ದರು. ಲೈನ್ ಮನೆಯವರು ಬರುತ್ತಿರಲಿಲ್ಲ. ಡಿಸೆಂಬರ್, ಜನವರಿಯಲ್ಲಂತೂ ಒಬ್ಬರೂ ಇಲ್ಲ.

‘ಅವರಿಗೆ ತಿಳಿವಳಿಕೆ ಇಲ್ಲ’ ಎಂದು ಮೀಟಿಂಗ್‌ಗಳಲ್ಲಿ ಹೇಳುತ್ತಿದ್ದರು. ನಾನೂ ನಂಬಿದ್ದೆ. ಒಂದು ದಿನ ಆರು ತಿಂಗಳ ಗರ್ಭಿಣಿಯೊಬ್ಬಳನ್ನು ತೋಟದಲ್ಲೇ ನಿಲ್ಲಿಸಿ ಗದರಿದೆ. ಅವಳು ಹಣ್ಣು ಕೊಯ್ಯುತ್ತಲೇ ಹೇಳಿದಳು: “ಕೊಯ್ಲು ಇರೋದೇ ಎರಡು ತಿಂಗಳು ಅಕ್ಕ. ಇವಾಗ ಕೆಜಿ ಲೆಕ್ಕ. ಆಸ್ಪತ್ರೆಗೆ ಬಂದ್ರೆ ನಂದೂ ಹೋಯ್ತು, ಜೊತೆಗೆ ಬರೋ ಅತ್ತೆದೂ ಹೋಯ್ತು.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲಾ ಉಚಿತ ಎಂದು ನಾವು ಹೇಳುತ್ತೇವೆ. ಅವಳಿಗೆ ಅದು ಇಬ್ಬರ ಕೂಲಿ, ಮೇಲೆ ಬಸ್ಸಿನ ದುಡ್ಡು. ಅವಳ ಲೆಕ್ಕ ಸರಿಯಾಗಿತ್ತು. ನಮ್ಮ ಹೊತ್ತು ತಪ್ಪಾಗಿತ್ತು.

ಹಾಗಾದರೆ ಅವರೆಲ್ಲ ಕೈ ಖಾಲಿಯಾಗಿ ನಿಲ್ಲುವುದು ಯಾವಾಗ? ಸಂಜೆ, ಹಣ್ಣಿನ ತೂಕಕ್ಕೆ. ಚೀಲ ಇಳಿಸಿ ಸರದಿ ಬರುವವರೆಗೆ ಕಾಯಲೇಬೇಕು. ಆ ಹೊತ್ತಿಗೆ ಅಲ್ಲೇ ತಪಾಸಣೆ ಮಾಡಲೇ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿದೆ. ಗಲಾಟೆ ಆಗುತ್ತದೆ ಎಂದು ಮೊದಲು ಒಪ್ಪಲಿಲ್ಲ. ಒಂದೇ ಸಂಜೆ ನೋಡಿ ಎಂದು ಬೇಡಿಕೊಂಡೆ. ಆಶಾ ಕಾರ್ಯಕರ್ತೆ ಮತ್ತು ನಾನು ಒಂದು ಸ್ಟೂಲು, ಬಿ.ಪಿ. ಮೀಟರು, ಹಿಮೋಗ್ಲೋಬಿನ್ ನೋಡುವ ಚಿಕ್ಕ ಮೀಟರು ಹಿಡಿದು ಹೋದೆವು. ಮೊದಲು ಬೆರಳು ಚಾಚಿದ್ದು ಮೇಸ್ತ್ರಿಯ ಹೆಂಡತಿ. ಅವಳು ಕೂತ ಮೇಲೆ ಉಳಿದವರೂ ಬಂದರು.

ಆ ಸಂಜೆ ನಾನೊಂದು ತಪ್ಪು ಮಾಡಿದೆ. ಸಂಖ್ಯೆಯನ್ನು ಜೋರಾಗಿ ಹೇಳಿ ಬರೆಸಿದೆ. ತೂಕದ ಜೊತೆ ರಕ್ತವನ್ನೂ ಕೂಗಿದರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ? ಮಾರನೇ ವಾರದಿಂದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಟಾರ್ಪಲ್ ಕಟ್ಟಿ ಒಬ್ಬೊಬ್ಬರನ್ನೇ ಕೂರಿಸಿದೆ. ಹೊಟ್ಟೆಯ ಪರೀಕ್ಷೆ ಅಲ್ಲಿ ಆಗುವುದಿಲ್ಲ. ಅದನ್ನು ತೂಕ ಮುಗಿದ ಮೇಲೆ ಅವರ ಮನೆಯಲ್ಲೇ ಮಾಡುತ್ತೇನೆ.

ಗರ್ಭಿಣಿಯರಿಗೆ ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕು. ನಾನು ಗದರಿದ್ದವಳಿಗೆ 8.2 ಇತ್ತು. 7ಕ್ಕಿಂತ ಕೆಳಗಿದ್ದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಇವಳಿಗೆ ದಿನಕ್ಕೆ ಎರಡು ಕೆಂಪು ಮಾತ್ರೆ ಕೊಟ್ಟೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ತಿಂಗಳಿಗೆ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಏರಲಿಲ್ಲ. ಮಾತ್ರೆ ಎಸೆದಿದ್ದಾಳೆ ಎಂದುಕೊಂಡೆ. ಅವಳು ಸುಮ್ನೆ ಒಳಗೆ ಹೋಗಿ ಖಾಲಿ ಶೀಟುಗಳನ್ನು ತಂದು ನನ್ನ ಮುಂದೆ ಇಟ್ಟಳು.

“ಯಾವಾಗ ತಗೋತೀಯಾ?”

“ಬೆಳಿಗ್ಗೆ, ಬೆಲ್ಲದ ಕಾಫಿ ಜೊತೆ.”

ಕಾಫಿ, ಟೀ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ ತೋಟದಲ್ಲಿ ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಅಲ್ವಾ? ನಾನು ಹೇಳಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಕಳಿಸಿ ರಕ್ತನಾಳದ ಮೂಲಕ ಕಬ್ಬಿಣ ಕೊಡಿಸಿದೆವು. ಆ ದಿನ ಅತ್ತೆಯ ಕೂಲಿ ಹೋಗಬಾರದೆಂದು ಜೊತೆಗೆ ನಾನೇ ಹೋದೆ. ಹೆರಿಗೆ ಸುಸೂತ್ರವಾಯಿತು.

ಈಗ ನಾನು ಹೇಳುವುದು ಇಷ್ಟು. ಮಾತ್ರೆಗೂ ಕಾಫಿಗೂ ಕನಿಷ್ಠ ಒಂದು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಿ. ಊಟಕ್ಕೆ ಗಜನಿಂಬೆಯೋ ಹೇರಳೆಕಾಯಿಯೋ ಹಿಂಡಿಕೊಳ್ಳಿ, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ. ಇದನ್ನು ಮೊದಲೇ ಹೇಳದಿದ್ದರೆ ಅರ್ಧ ಜನ ಮಾತ್ರೆ ಬಿಡುತ್ತಾರೆ. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿದರೆ ಕೊಕ್ಕೆಹುಳು ಪಾದದಿಂದಲೇ ಒಳಗೆ ಹೋಗಿ ಕರುಳಲ್ಲಿ ರಕ್ತ ಹೀರುತ್ತದೆ. ಅದಕ್ಕೇ ನಾಲ್ಕನೇ ತಿಂಗಳ ನಂತರ ಒಂದು ಆಲ್ಬೆಂಡಜೋಲ್ ಮಾತ್ರೆಯನ್ನು ನನ್ನ ಎದುರೇ ನುಂಗಿಸುತ್ತೇನೆ.

ತೋಟದ ಕೂಲಿಯವರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕೆಂಬ ಕಾಯ್ದೆ ಬಂದಿದ್ದು 1951ರಲ್ಲಿ. 5 ಹೆಕ್ಟೇರಿಗಿಂತ ಚಿಕ್ಕ ತೋಟಗಳು ಅದರೊಳಗೆ ಬರುತ್ತಿರಲಿಲ್ಲ. ನನ್ನ ಕಡೆ ಜಾಸ್ತಿ ಇರುವುದೇ ಅಂಥವು. ಅಸ್ಸಾಂನಿಂದ ಬಂದವರ ಕಷ್ಟ ಇನ್ನೂ ಹೆಚ್ಚು. ತಾಯಿ ಕಾರ್ಡ್ ಊರಲ್ಲೇ ಬಿಟ್ಟಿರುತ್ತಾರೆ, ಭಾಷೆ ಬರುವುದಿಲ್ಲ. ಅವರಿಗೆ ಹೊಸ ಕಾರ್ಡ್ ಮಾಡಿ, ಎರಡು ಭಾಷೆ ಬಲ್ಲ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಮಳೆಗಾಲದಲ್ಲಿ ತೂಕ ಇರುವುದಿಲ್ಲ. ಆಗ ಬಟವಾಡೆ ದಿನ ಹೋಗುತ್ತೇನೆ. ಎರಡು ತೋಟಗಳಲ್ಲಿ ಇದು ನಡೆಯುತ್ತಿದೆ. ಮೂರನೆಯವರು ಇನ್ನೂ ಗೇಟು ತೆಗೆದಿಲ್ಲ. ಅಲ್ಲಿ ಇಬ್ಬರು ಗರ್ಭಿಣಿಯರಿದ್ದಾರೆ ಎಂದು ಆಶಾ ಹೇಳಿದ್ದಾಳೆ. ಈ ಶನಿವಾರ ಮತ್ತೆ ಕೇಳಲು ಹೋಗುತ್ತೇನೆ.